ಎಡ ಹೆಗಲಿನ ಎಳೆಗಳು

ಬಾಗಿಲು ತೆರೆದ ಡಾಕ್ಟರ್ ಮುಖದಲ್ಲಿ ನಗು ಮೂಡಿದ್ದು ಒಂದೇ ಕ್ಷಣ. ಎದುರಿಗೆ ನಿಂತವಳ ಕಣ್ಣು ನೋಡಿದ ಮೇಲೆ ಅದು ಅಲ್ಲೇ ಆರಿಹೋಯಿತು.

"ನಿಮ್ಮ ಶರ್ಟು," ಎಂದಳು ಅವಳು. "ಗುಂಡಿ ಹಾಕಿ ಅಂತ ಕೊಟ್ಟಿದ್ರಲ್ಲ. ಹಾಕಿಲ್ಲ."

"ಅದನ್ನ ಹೇಳೋಕೆ ಮನೆವರೆಗೂ ಬಂದ್ರಾ?"

"ಎಡ ಹೆಗಲಲ್ಲಿ ಎಳೆಗಳೆಲ್ಲಾ ಕಿತ್ತು ಬಂದಿವೆ. ಯಾರು ಕಿತ್ತಿದ್ದು?"

ಉತ್ತರ ಒಳಗಿನ ಕೋಣೆಯಿಂದ ಬಂತು. ಅದು ಬೆಕ್ಕಿನ ಕೂಗಲ್ಲ, ಗೊಣಗಾಟ. ಊಟ ತಡವಾದರೆ ಮುದುಕರು ಗೊಣಗುತ್ತಾರಲ್ಲ, ಥೇಟ್ ಹಾಗೆ.

ಗೊಣಗಪ್ಪ...

ಇಪ್ಪತ್ತೆರಡು ದಿನಗಳಿಂದ ಬೀದಿ ಬೀದಿ ಅಲೆದು ಹುಡುಕುತ್ತಿದ್ದ ಅವಳ ಬೆಕ್ಕು, ಅದನ್ನು ಕಳೆದವನ ಮನೆಯಲ್ಲೇ ಇತ್ತು!

ಈ ಹುಡುಗಿಯ ಸಂಸಾರ ಸ್ವಲ್ಪ ಹೇಳಲೇಬೇಕು. ಮುಂದಿನ ಕೋಣೆ ಟೈಲರ್ ಅಂಗಡಿ, ಹಿಂದಿನ ಕೋಣೆ ಮನೆ. ಆ ಮನೆಯಲ್ಲಿ ಅವಳೊಬ್ಬಳು, ಬೆಕ್ಕು ಹದಿನಾಲ್ಕು. ಬೆಳಗ್ಗೆ ಐದಕ್ಕೆದ್ದು ನಾಲ್ಕು ಟ್ರೇಗಳ ಮರಳು ಬದಲಿಸಬೇಕು. ಹದಿನಾಲ್ಕು ತಟ್ಟೆ ಸಾಲಾಗಿ ಇಡಬೇಕು, ಜಗಳಗಂಟಿಯದು ಮೂಲೆಯಲ್ಲಿ, ಕದೀಮನದು ಕಣ್ಣೆದುರಿಗೆ. ಮಾತ್ರೆ ಬೇಕಾದವಕ್ಕೆ ಮೀನಿನ ತುಂಡಿನೊಳಗೆ ಅಡಗಿಸಿ ತಿನ್ನಿಸಬೇಕು. ಹೊಲಿದ ಪ್ರತಿ ಬಟ್ಟೆಯಿಂದ ಕೂದಲು ಆರಿಸಿಯೇ ಗಿರಾಕಿಗೆ ಕೊಡಬೇಕು. ಅವಕ್ಕೆಲ್ಲ ಮರಿಯಾಗದಂತೆ ಆಪರೇಷನ್ ಮಾಡಿಸುವಾಗ ಎರಡನೇ ಮಿಷನ್ನನ್ನೇ ಮಾರಿದ್ದಳು.

"ನಿನ್ನ ತಲೆ ಕೆಟ್ಟಿದೆ. ಬೆಕ್ಕಿನ ಸಂತೆ ಕಟ್ಟಿಕೊಂಡಿರೋಳನ್ನ ಯಾರೇ ಮದುವೆ ಆಗ್ತಾರೆ?" ಎಂದು ಅಕ್ಕ ಫೋನ್ ಮಾಡಿದಾಗಲೆಲ್ಲ ಬೈಯುತ್ತಿದ್ದಳು.

ಆದರೆ ಪ್ರಾಣಿಗಳ ಈ ಡಾಕ್ಟರ್ ಬೇರೆ. ಎರಡು ವರ್ಷಗಳಿಂದ ಬೆಕ್ಕುಗಳನ್ನೆಲ್ಲ ನೋಡಿದ ಮೇಲೆ ಕೊನೆಗೊಂದು ಮಾತು ಕೇಳುತ್ತಿದ್ದ, "ನೀವು ಊಟ ಮಾಡಿದ್ರಾ?" ಆ ಒಂದು ಮಾತಿಗೆ ಅವಳು ಸೋತುಹೋಗಿದ್ದಳು.

ಸೊರಗಿದ್ದ ಗೊಣಗಪ್ಪನನ್ನು ಡ್ರಿಪ್ ಹಾಕಲು ಒಂದು ದಿನ ಆಸ್ಪತ್ರೆಯಲ್ಲಿ ಬಿಟ್ಟಿದ್ದಳು. ಸಂಜೆ ಹೋದರೆ ಅವನು ತಲೆ ತಗ್ಗಿಸಿ, "ಕಿಟಕಿಯಿಂದ ಓಡಿಹೋಯ್ತು," ಎಂದಿದ್ದ. ಅವಳ ಜೊತೆ ತಾನೂ ಹುಡುಕಿದ್ದ! ಅವನ ಹೆಗಲಿಗೆ ತಲೆಯಿಟ್ಟು ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದಳು.

ಅದೇ ಹೆಗಲಿನ ಶರ್ಟು ಇವತ್ತು ಅವಳ ಕೈಯಲ್ಲಿತ್ತು. ಎಡ ಹೆಗಲೇರಿ, ಪಂಜಗಳಿಂದ ಬಟ್ಟೆ ನಾದುತ್ತಾ ಮಲಗುವುದು ಗೊಣಗಪ್ಪನ ಹಳೇ ಚಾಳಿ. ಅವಳ ಎಲ್ಲಾ ಬಟ್ಟೆಗಳೂ ಅಲ್ಲೇ ಹಾಳಾಗಿವೆ. ಅದು ಟೈಲರ್ ಕಣ್ಣಿಗೆ ಬೀಳದೇ ಇರುತ್ತದೆಯೇ?

"ಯಾಕೆ?" ಎಂದಳು.

"ರಕ್ತದಲ್ಲಿ ಕಾಯಿಲೆ ಸಿಕ್ತು. ಬೆಕ್ಕಿಂದ ಬೆಕ್ಕಿಗೆ ಹರಡುತ್ತೆ, ವಾಸಿಯಾಗಲ್ಲ. ನಿಮ್ಮ ಮನೆಗಿರೋದು ಒಂದೇ ಕೋಣೆ. ಹೇಳಿದ್ರೆ ಇರೋ ಒಂದು ಮಿಷನ್ನೂ ಮಾರಿ ಇನ್ನೊಂದು ಕೋಣೆ ಹಿಡೀತಿದ್ರಿ. ನಮ್ಮನೇಲಿ ಬೇರೆ ಬೆಕ್ಕಿಲ್ಲ, ಅದಕ್ಕೇ..."

"ಉಳಿದ ಹದಿಮೂರು?"

"ಲಸಿಕೆಗೆ ಬಂದಾಗ ರಕ್ತ ತೆಗೆದು ನೋಡಿದೆ. ಸದ್ಯಕ್ಕೆ ಏನೂ ಇಲ್ಲ. ಮತ್ತೊಂದ್ಸಲ ನೋಡಬೇಕು."

"ಅದನ್ನೂ ನನಗೆ ಹೇಳಲಿಲ್ಲ." ಅವಳು ಕಣ್ಣೊರೆಸಿಕೊಂಡಳು. "ಅಕ್ಕ ನನ್ನ ಹುಚ್ಚಿ ಅಂತ ಮುಖದ ಮೇಲೇ ಹೇಳ್ತಾಳೆ ಡಾಕ್ಟ್ರೇ. ನೀವು ಹಾಗಂದ್ಕೊಂಡೇ ನನ್ನ ಜೊತೆ ನಿಂತು ಹುಡುಕೋ ನಾಟಕ ಆಡಿದ್ರಿ."

ಗೊಣಗಪ್ಪ ಬಂದು ಅವಳ ಕಾಲಿಗೆ ಮೈ ಉಜ್ಜಿತು. ಎತ್ತಿಕೊಂಡು ಓಡಿಬಿಡಬೇಕೆನಿಸಿತು... ಆದರೆ ಮನೆಯಲ್ಲಿ ಹದಿಮೂರು ಜೀವಗಳು ಕಾಯುತ್ತಿದ್ದವು. ಅದರ ತಲೆ ಸವರಿ, ಶರ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಟುಬಿಟ್ಟಳು.

ಆಮೇಲೆ ಹತ್ತು ದಿನ ದಿನವೂ ಹೋದಳು, ಅವನು ಆಸ್ಪತ್ರೆಯಲ್ಲಿರುವ ಹೊತ್ತು ನೋಡಿಕೊಂಡು. ಮೆಟ್ಟಿಲ ಬಳಿ ಬೀಗದ ಕೈ ಇಟ್ಟಿರುತ್ತಿದ್ದ. ಗೊಣಗಪ್ಪನಿಗೆ ತಿನ್ನಿಸಿ, ಬಟ್ಟೆ ಬದಲಿಸಿಕೊಂಡು, ಕೈ ಉಜ್ಜಿ ಉಜ್ಜಿ ತೊಳೆದು ಮನೆಗೆ ಬರುವಳು. ದ್ವೇಷ ಮಾಡೋಣವೆಂದರೆ ಅದೂ ಆಗುತ್ತಿರಲಿಲ್ಲ. ಕ್ಷಮಿಸೋಣವೆಂದರೆ ಅವನ ಆ ಹುಡುಕಾಟದ ನಾಟಕ ನೆನಪಾಗುತ್ತಿತ್ತು.

ಹನ್ನೊಂದನೇ ದಿನ ಮಧ್ಯಾಹ್ನ ಅವನೇ ಅಂಗಡಿಗೆ ಬಂದ. ಕೈಯಲ್ಲೊಂದು ಹಾಳೆ.

"ಗೊಣಗಪ್ಪನ ರಿಪೋರ್ಟ್ ಈಗಷ್ಟೇ ಬಂತು. ನಾನು ಓದಿದ ತಕ್ಷಣ ಇಲ್ಲಿಗೇ ಬಂದೆ." ಅವನು ಹಾಳೆಯನ್ನು ಅವಳ ಮುಂದಿಟ್ಟ. "ಹೆಚ್ಚು ದಿನ ಇಲ್ಲ. ಎರಡು ತಿಂಗಳು ಇರಬಹುದು, ಅಷ್ಟೂ ಇಲ್ಲದೇ ಇರಬಹುದು."

ಮಿಷನ್ನಿನ ಮೇಲಿದ್ದ ಅವಳ ಕೈ ನಿಂತಿತು. ಅವಳು ಅತ್ತಳು. ಅವನು ಸಮಾಧಾನದ ಸುಳ್ಳು ಒಂದೂ ಹೇಳಲಿಲ್ಲ.

"ಇದನ್ನೂ ಮುಚ್ಚಿಡಬಹುದಿತ್ತು," ಎಂದಳು ಕೊನೆಗೆ.

"ಇನ್ನು ಮುಚ್ಚಿಡಲ್ಲ. ನೀವು ಮಿಷನ್ ಮಾರ್ತೀನಿ ಅಂದ್ರೂ ಅದು ನಿಮ್ಮ ತೀರ್ಮಾನ. ನಾನು ಕಿತ್ಕೊಂಡಿದ್ದು ತಪ್ಪು. ನಿಮ್ಮನ್ನ ಪ್ರೀತಿಸ್ತೀನಿ ಅನ್ನೋದನ್ನೂ ಎರಡು ವರ್ಷದಿಂದ ಮುಚ್ಚಿಟ್ಟಿದ್ದೆ. ಅದೂ ತಪ್ಪೇ."

ಅವಳು ಎದ್ದು, ಬೀರುವಿನಿಂದ ಅವನ ಶರ್ಟು ತೆಗೆದು ಕೊಟ್ಟಳು. ಗುಂಡಿ ಹಾಕಿಯಾಗಿತ್ತು. ಎಡ ಹೆಗಲಿಗೆ ಒಳಗಿಂದ ದಪ್ಪ ಬಟ್ಟೆಯ ಪಟ್ಟಿ ಕೊಟ್ಟು ಎರಡು ಸಾಲು ಹೊಲಿಗೆ ಹಾಕಿದ್ದಳು.

"ಯಾವಾಗ ಹೊಲಿದ್ರಿ?"

"ನಿಮ್ಮನ್ನ ಬೈಕೊಳ್ತಾನೇ ಹೊಲಿದೆ. ಅದರ ಉಗುರು ನಿಮ್ಮ ಮೈಗೆ ತಾಗಬಾರದಲ್ಲ."

"ಕ್ಷಮಿಸಿದ್ರಾ?"

"ಇನ್ನೂ ಇಲ್ಲ." ಅವಳು ಬೀರುವಿನ ಬಾಗಿಲು ಹಾಕಿದಳು. "ಉಳಿದ ಶರ್ಟುಗಳನ್ನೂ ತನ್ನಿ. ಎರಡು ತಿಂಗಳಾದರೂ ಅದು ನೆಮ್ಮದಿಯಾಗಿ ಮಲಗಲಿ."

ಅವನ ಕಣ್ಣು ತುಂಬಿತು. ಹಳೇ ಮಾತನ್ನೇ ಕೇಳಿದ.

"ಊಟ ಮಾಡಿದ್ರಾ?"

"ಇಲ್ಲ," ಎಂದಳು ಅವಳು, ಅಂಗಡಿಯ ಬಾಗಿಲೆಳೆಯುತ್ತಾ. "ನಡೀರಿ. ಗೊಣಗಪ್ಪನಿಗೆ ತಿನ್ನಿಸಿ, ಆಮೇಲೆ ಇಬ್ಬರೂ ಮಾಡೋಣ."