ಅವನ ಕಣ್ಣಿಗೆ ಹೊಂದಿಸಿದ ನೀಲಿ

"ನೈಟ್ ಮೋಡ್ ಆಫ್ ಮಾಡಿದೀರಾ?" ಎಂದು ಅವಳು ಕೇಳಿದ್ದೇ ತಪ್ಪಾಯಿತು.

ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿಂತಿದ್ದ ಫೋಟೋಗ್ರಾಫರನ ಮುಖ ಕೆಂಪಾಯಿತು. "ಮೇಡಂ, ಇಷ್ಟು ವರ್ಷದಿಂದ ಕ್ಯಾಮೆರಾ ಹಿಡಿದು ಊಟ ಮಾಡ್ತಿದೀನಿ. ಅಷ್ಟೂ ಗೊತ್ತಿಲ್ದೆ ಬರ್ತೀನಾ?"

"ಬೇಜಾರು ಮಾಡ್ಕೋಬೇಡಿ. ಸ್ಕ್ರೀನ್ ಹಳದಿ ಹೊಡೀತಿದೆ ಅಂತ ಬರೋರಲ್ಲಿ ಮುಕ್ಕಾಲು ಪಾಲು ಜನರದ್ದು ಅದೇ ಕಥೆ. ಒಂದು ಬಟನ್ ಒತ್ತಿ ಕಳಿಸ್ತೀನಿ."

"ನಾನು ಉಳಿದ ಕಾಲು ಪಾಲಿನವನು," ಎಂದು ಬಿಗುಮಾನದಿಂದ ಒಳಗೆ ಕಾಲಿಟ್ಟವನು ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡ. ಬಿಗುಮಾನ ಅಲ್ಲಿಗೆ ಮುಗಿಯಿತು.

ಅವಳಿಗೆ ನಗು ತಡೆಯಲಾಗಲಿಲ್ಲ. "ಕಣ್ಣು ಎಲ್ಲಿಟ್ಕೊಂಡು ನಡೀತೀರಿ?"

"ನಿಮ್ಮ ಮೇಲೆ," ಎಂದುಬಿಟ್ಟ. ಆಡಿದ ಮಾತಿಗೆ ತಾನೇ ಬೆಚ್ಚಿ, ಲ್ಯಾಪ್‌ಟಾಪಿನ ಮುಚ್ಚಳ ಒರೆಸತೊಡಗಿದ. ಅದರ ಮೇಲೆ ಒಂದು ಚೂರೂ ಧೂಳಿರಲಿಲ್ಲ.

ಕೆಳಗೆ ಅವಳ ಅಪ್ಪನ ಪ್ರಿಂಟಿಂಗ್ ಪ್ರೆಸ್; ಮೇಲೆ ಈ ಪುಟ್ಟ ಕೋಣೆ. ಗೋಡೆಗೆ ಮಂಕು ಬೂದು ಬಣ್ಣ, ಕಿಟಕಿಗೆ ದಪ್ಪ ಪರದೆ. ಹೊರಗಿನ ಬೆಳಕು ನುಸುಳಿದರೆ ಬಣ್ಣದ ಲೆಕ್ಕ ತಪ್ಪುತ್ತದೆ. ಸ್ಕ್ರೀನಿನಲ್ಲಿ ಕಂಡ ಬಣ್ಣವೇ ಕಾಗದದ ಮೇಲೂ ಇಳಿಯುವಂತೆ ಊರವರ ಸ್ಕ್ರೀನುಗಳನ್ನೆಲ್ಲ ಸರಿಮಾಡಿ ಕೊಡುವುದು ಅವಳ ಕೆಲಸ.

ಅವನದು ಕಡಲಿನ ಚಿತ್ರಗಳು. ಕ್ಯಾಲೆಂಡರಿಗೆ, ಪುಸ್ತಕಗಳಿಗೆ ಕೊಡುತ್ತಿದ್ದ. ಇತ್ತೀಚೆಗೆ ಪ್ರಕಾಶಕರು ಒಂದೊಂದಾಗಿ ವಾಪಸು ಕಳಿಸುತ್ತಿದ್ದರು: ಇದೇನ್ರೀ, ಕಡಲಿಗೆ ಶಾಯಿ ಸುರಿದ ಹಾಗಿದೆ! ಅವನ ಹೊಸ ಲ್ಯಾಪ್‌ಟಾಪಿನಲ್ಲಿ ನೋಡಿದರೋ ಅದೇ ಕಡಲು ಸಪ್ಪೆ. ಇದ್ದಬದ್ದ ಉಳಿತಾಯವನ್ನೆಲ್ಲ ಸುರಿದು ಅದನ್ನು ಕೊಂಡಿದ್ದ. ಕೂದಲೆಳೆಯನ್ನೂ ಬಿಡದೆ ತೋರಿಸುವ ಸ್ಕ್ರೀನು.

"ಅರ್ಧ ಗಂಟೆ ಆನ್ ಆಗಿರಲಿ. ಬೆಚ್ಚಗಾಗದೆ ಅಳೆಯೋ ಹಾಗಿಲ್ಲ," ಎಂದಳು.

"ಅಲ್ಲಿವರೆಗೆ ನಾನೇನು ಮಾಡ್ಲಿ?"

"ಸುಮ್ನೆ ಕೂತಿರಿ."

ಸುಮ್ಮನೆ ಕೂರುವ ಪೈಕಿಯವನಲ್ಲ ಅವನು. ಬೆಳಗಿನ ಕಡಲು ಬೇರೆ, ಮಧ್ಯಾಹ್ನದ ಕಡಲು ಬೇರೆ ಎಂದು ಶುರುಮಾಡಿದ. ಚಿಕ್ಕವನಿದ್ದಾಗ ಅಕ್ಕನ ಬಣ್ಣದ ಪೆನ್ಸಿಲುಗಳಲ್ಲಿ ನೀಲಿಯದನ್ನೇ ಕದ್ದು ಏಟು ತಿಂದದ್ದನ್ನು ಹೇಳಿದ. ಆಮೇಲೆ ಅವಳು ಬಣ್ಣ ಅಳೆಯುವ ಗುಂಡಗಿನ ಮೀಟರನ್ನು ಸ್ಕ್ರೀನಿಗೆ ಅಂಟಿಕೊಳ್ಳುವಂತೆ ಇಳಿಬಿಟ್ಟಳು. ಅದರ ಕೆಳಗೆ ಕೆಂಪು, ಹಸಿರು, ನೀಲಿ, ಬೂದು ಚೌಕಗಳು ಒಂದರ ಹಿಂದೊಂದು ಮಿಂಚಿ ಮಾಯವಾದವು. ಅವನು ಮಾತು ನಿಲ್ಲಿಸಿ ಅವಳ ಮುಖದ ಮೇಲೆ ಬದಲಾಗುವ ಬೆಳಕನ್ನೇ ನೋಡುತ್ತಿದ್ದ. ಅದು ಅವಳಿಗೂ ಗೊತ್ತಾಗುತ್ತಿತ್ತು. ಗೊತ್ತಿಲ್ಲದವಳಂತೆ ಕೂರಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ.

ಸ್ಕ್ರೀನು ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು. ಇದ್ದ ಚೂರುಪಾರು ಓರೆಯನ್ನು ತಿದ್ದಿ ಪ್ರೊಫೈಲ್ ಹಾಕಿಕೊಟ್ಟಳು. ಮೆಷೀನಿಗೆ ಬಣ್ಣ ಹೇಗೆ ತೋರಿಸಬೇಕೆಂದು ಹೇಳಿಕೊಡುವ ಫೈಲು ಅದು. ಅವನು ಬಗ್ಗಿ ನೋಡಿ ತಲೆಯಾಡಿಸಿದ. "ನೀಲಿ ಇನ್ನೂ ಸಪ್ಪೆ, ಮೇಡಂ."

ಮುಂದಿನ ವಾರ ಮತ್ತೆ ಬಂದ. ಅದರ ಮುಂದಿನ ವಾರವೂ ಬಂದ.

ಕೆಳಗಿನಿಂದ ಅಪ್ಪ ಕೂಗಿ ಕೇಳಿದರು: "ಮಗಳೇ, ಹುಷಾರಿಲ್ದೆ ಇರೋದು ಆ ಲ್ಯಾಪ್‌ಟಾಪಿಗಾ, ಅದನ್ನ ಹೊತ್ಕೊಂಡು ಬರೋನಿಗಾ?"

"ಅಪ್ಪಾ!" ಎಂದು ಅವಳು ಗದರಿದಳು. ಫೋಟೋಗ್ರಾಫರ್ ನೆಲ ನೋಡುತ್ತಾ ನಗುತ್ತಿದ್ದ.

ಆ ದಿನ ಅವಳು ಅವನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು, ಒಂದು ಚಿತ್ರ ತಿದ್ದಿ ತೋರಿಸಿ ಎಂದಳು. ಅವನು ಕಡಲಿಗೆ ನೀಲಿ ಸೇರಿಸುತ್ತ ಹೋದ. ಸಾಕು ಎಂದು ಅವಳ ಕಣ್ಣು ಹೇಳಿದ ಮೇಲೂ ಸೇರಿಸಿದ. ಸ್ಕ್ರೀನಿನ ತುಂಬ ಶಾಯಿ ಚೆಲ್ಲಿದಂತಾದಾಗ ಕೈ ತೆಗೆದು, "ಈಗ ಒಂಚೂರು ಜೀವ ಬಂತು, ಅಲ್ವಾ?" ಎಂದು ಮಗುವಿನಂತೆ ಅವಳ ಕಡೆ ತಿರುಗಿದ.

ಅವಳಿಗೆ ಆಗ ಹೊಳೆಯಿತು. ಕೆಟ್ಟಿರುವುದು ಸ್ಕ್ರೀನಲ್ಲ. ಇವನಿಗೆ ನೀಲಿ ಸರಿಯಾಗಿ ಕಾಣಿಸುತ್ತಿಲ್ಲ. ನೆನಪಿನಲ್ಲಿರುವ ನೀಲಿಯನ್ನು ವಾಪಸು ತರಲು ಒದ್ದಾಡುತ್ತಿದ್ದಾನೆ.

ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನೇ, "ಆ ಪ್ರಕಾಶಕ ಏನಂದ ಗೊತ್ತಾ? ನಿಮ್ಮ ಕಣ್ಣೇ ಸರಿಯಿಲ್ಲ ಅಂದ. ಇನ್ನೊಬ್ಬರ ಬಾಯಲ್ಲಿ ಆ ಮಾತು ಬಂದ್ರೆ ಕ್ಯಾಮೆರಾ ಮಾರಿ ಎಲ್ಲಾದ್ರೂ ಹೋಗ್ಬಿಡ್ತೀನಿ," ಎಂದ. ನಗುತ್ತಲೇ ಹೇಳಿ, ಕಡಲಿಗೆ ಇನ್ನೊಂದು ಚೂರು ನೀಲಿ ಸೇರಿಸಿದ.

ಬಾಯಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಹೋದರೆ ಇವನು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ ಎಂಬ ಭಯ. ಪ್ರೀತಿ ಎಂದರೂ ಸರಿ, ಸ್ವಾರ್ಥ ಎಂದರೂ ಸರಿ. ಆ ಗಳಿಗೆಯಲ್ಲಿ ಎರಡಕ್ಕೂ ವ್ಯತ್ಯಾಸ ಅವಳಿಗೆ ತಿಳಿಯಲಿಲ್ಲ.

"ಲ್ಯಾಪ್‌ಟಾಪ್ ಇಲ್ಲೇ ಬಿಟ್ಟು ನಾಳೆ ಬನ್ನಿ. ಇನ್ನೊಂದು ರೀತಿ ಪ್ರಯತ್ನ ಮಾಡಿ ನೋಡ್ತೀನಿ," ಎಂದಳು.

ತನ್ನ ಕೆಲಸದಲ್ಲಿ ಯಾರೂ ಮಾಡಬಾರದ್ದನ್ನು ಅವಳು ಮಾಡಿದಳು. ಮೀಟರ್ ಸರಿ ಎಂದ ಬಿಳುಪನ್ನು ಬೇಕೆಂದೇ ನೀಲಿಯ ಕಡೆಗೆ ಎಳೆದಳು. ಕಡಲಿನ ಬಣ್ಣಗಳನ್ನೆಲ್ಲ ಗಾಢ ಮಾಡಿ, ತಪ್ಪು ಪ್ರೊಫೈಲನ್ನು ಸರಿಯಾದದ್ದೆಂಬಂತೆ ಕೂರಿಸಿದಳು. ಅವಳ ಕಣ್ಣಿಗೆ ಆ ಸ್ಕ್ರೀನು ನೋಡಲಾಗದಷ್ಟು ನೀಲಿ. ಅವನು ಬಂದು ನೋಡಿದವನೇ ಕುರ್ಚಿಯಿಂದ ಎದ್ದುಬಿಟ್ಟ.

"ಇದೇ! ಇದೇ ರೀ ನನ್ನ ಕಡಲು!"

ಆ ಸ್ಕ್ರೀನಿನಲ್ಲಿ ನೀಲಿ ಆಗಲೇ ತುಂಬಿದ್ದರಿಂದ ಅವನು ಚಿತ್ರಕ್ಕೆ ಹೆಚ್ಚು ಸೇರಿಸಲು ಹೋಗಲಿಲ್ಲ. ಚಿತ್ರಗಳು ಚೆನ್ನಾಗಿ ಅಚ್ಚಾದವು. ವಾಪಸು ಕಳಿಸಿದ್ದ ಪ್ರಕಾಶಕನೇ ಫೋನ್ ಮಾಡಿ ಹೊಗಳಿದ. ಕಾಲು ಕುಂಟುವವನಿಗೆ ಊರುಗೋಲು ಕೊಟ್ಟ ಹಾಗೆ, ಇದರಲ್ಲಿ ತಪ್ಪೇನಿದೆ ಎಂದು ಅವಳು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಊರುಗೋಲು ಹಿಡಿದವನಿಗೆ ತಾನು ಹಿಡಿದಿರುವುದು ಗೊತ್ತಿರುತ್ತದೆ ಎಂಬುದನ್ನು ಮಾತ್ರ ಯೋಚಿಸಲಿಲ್ಲ.

ಆಮೇಲಿನ ತಿಂಗಳುಗಳು ಚೆಂದವಾಗಿದ್ದವು. 'ಮೇಡಂ' ಹೋಗಿ 'ನೀನು' ಬಂತು. ಅವನು ಅವಳನ್ನು 'ಮೀಟರ್' ಎಂದು ಕರೆಯತೊಡಗಿದ. ಸ್ಕ್ರೀನು ಬೆಚ್ಚಗಾಗುವ ಅರ್ಧ ಗಂಟೆ ಇಬ್ಬರಿಗೂ ಸಾಲುತ್ತಿರಲಿಲ್ಲ. ಪ್ರೆಸ್ಸಿನ ಸದ್ದು ನಿಂತು ಅಪ್ಪ ಬೀಗ ಅಲ್ಲಾಡಿಸುವವರೆಗೂ ಕೂತಿರುತ್ತಿದ್ದರು.

"ಏ ಮೀಟರ್, ನನ್ನನ್ನೂ ಒಂದ್ಸಲ ಅಳೆದು ನೋಡೇ."

"ಅಳೆದಾಯ್ತು. ಬಾಯಿ ಜಾಸ್ತಿ, ಬುದ್ಧಿ ಕಮ್ಮಿ."

"ತಿದ್ದೋಕಾಗುತ್ತಾ?"

"ಮೆಷೀನ್ ಹಳೇದು. ಹೀಗೇ ಇಟ್ಕೋಬೇಕು, ಏನು ಮಾಡೋದು?"

ಇಷ್ಟೆಲ್ಲ ನಗುವಿನ ನಡುವೆ ಅವಳಿಗೊಂದು ಮುಳ್ಳು ಚುಚ್ಚುತ್ತಿತ್ತು. ಪ್ರತಿ ಸಲವೂ ಅವನು ನೀಲಿ ಮತ್ತೆ ಇಳಿದಿದೆ ಎನ್ನುತ್ತಿದ್ದ. ಪ್ರತಿ ಸಲವೂ ಅವಳು ಇನ್ನಷ್ಟು ಎಳೆಯಬೇಕಾಗುತ್ತಿತ್ತು. ಕೂಡಲೇ ಡಾಕ್ಟರ ಹತ್ತಿರ ಕರೆದೊಯ್ಯಬೇಕು ಎಂದುಕೊಳ್ಳುವಳು. ಈ ಪುಸ್ತಕದ ಕೆಲಸ ಮುಗಿಯಲಿ, ಅವನ ಸಂತೋಷ ಕೆಡಿಸುವುದು ಬೇಡ ಎಂದು ಮುಂದೂಡುವಳು. ಮುಂದೂಡಲು ಕಾರಣಗಳಿಗೇನು ಬರ.

ಕೊನೆಗೊಂದು ಮಧ್ಯಾಹ್ನ, ಅವನು ಬಿಟ್ಟುಹೋಗಿದ್ದ ಲ್ಯಾಪ್‌ಟಾಪಿನ ಸ್ಕ್ರೀನೇ ಕೈ ಎತ್ತಿತು. ನೀಲಿ ತನ್ನ ತುತ್ತತುದಿ ಮುಟ್ಟಿತ್ತು. ಇನ್ನು ಏನಿದ್ದರೂ ಕೆಂಪನ್ನೂ ಹಸಿರನ್ನೂ ಇಳಿಸಬೇಕು. ಇಳಿಸಿದಷ್ಟೂ ಚಿತ್ರ ಕತ್ತಲಾಗುತ್ತಿತ್ತು. ಅವನಿಗೆ ಕೊಡಲು ಅವಳ ಹತ್ತಿರ ಇನ್ನು ನೀಲಿ ಉಳಿದಿರಲಿಲ್ಲ.

ಅದೇ ಮಧ್ಯಾಹ್ನ ಅವನು ತಲೆ ಬಾಚಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ಕೂರಲೂ ಇಲ್ಲ.

"ಒಂದು ಮಾತು ಹೇಳಬೇಕು, ನಗಬೇಡ. ಎಲ್ಲರೂ ನನ್ನ ಕಣ್ಣನ್ನ ಅನುಮಾನಿಸಿದ್ರು. ಮೆಷೀನನ್ನ ಅನುಮಾನಿಸಿದೋಳು ನೀನೊಬ್ಬಳೇ. ಅಂಥೋಳನ್ನ ಬಿಟ್ಟು ಇನ್ಯಾರ ಜೊತೆ ಬಾಳೋದು ಹೇಳು? ಅಕ್ಕನಿಗೆ ಹೇಳಿದೀನಿ. ನಿಮ್ಮಪ್ಪನ ಹತ್ರ ಮಾತಾಡ್ಲಾ?"

ಯಾವ ಮಾತಿಗಾಗಿ ಇಷ್ಟು ತಿಂಗಳು ಕಾದಿದ್ದಳೋ ಅದೇ ಮಾತು. ಹ್ಞೂಂ ಎಂದರೆ ಸಾಕಿತ್ತು. ಅವಳು ಕಣ್ಣೀರು ತಡೆದುಕೊಳ್ಳುತ್ತಾ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು.

"ಮೊದಲು ಇದನ್ನ ನೋಡು," ಎಂದು ತಪ್ಪು ಪ್ರೊಫೈಲ್ ತೆಗೆದು ಸರಿಯಾದದ್ದನ್ನು ಹಾಕಿದಳು.

ಅವನ ಕಡಲು ಅವನ ಕಣ್ಣೆದುರೇ ಬೂದಿಯಾಯಿತು.

"ಇದೇನಾಯ್ತು? ಕೆಟ್ಟೋಯ್ತಾ?"

"ಇಲ್ಲ. ಇದೇ ಸರಿ. ನನಗಿದು ಒಳ್ಳೇ ನೀಲಿಯಾಗಿ ಕಾಣ್ತಿದೆ. ನಿನಗೆ ಕಾಣ್ತಿಲ್ಲ. ಮೂರನೇ ವಾರದಲ್ಲೇ ನನಗೆ ಗೊತ್ತಾಯ್ತು. ನೀನು ಹೋಗ್ಬಿಡ್ತೀಯ ಅಂತ ಹೆದರಿ ಸ್ಕ್ರೀನನ್ನೇ ನಿನ್ನ ಕಣ್ಣಿಗೆ ಹೊಂದಿಸ್ತಾ ಬಂದೆ. ನಿನ್ನ ಕಣ್ಣು ದಿನೇ ದಿನೇ ಇಳೀತಿದೆ ಕಣೋ. ಇನ್ನು ನನ್ನ ಕೈಲಾಗಲ್ಲ. ಡಾಕ್ಟರ ಹತ್ರ ಹೋಗೋಣ, ಬಾ."

ಅವನು ಲ್ಯಾಪ್‌ಟಾಪಿನ ಮುಚ್ಚಳ ಹಾಕಿದ. ಆಮೇಲೆ, ಗದರದೆ, ಅಳದೆ, "ನಡಿ," ಎಂದ. ಬೈದಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು.

ಕಣ್ಣಿನ ಡಾಕ್ಟರು ವಯಸ್ಸಾದ ಹೆಂಗಸು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಕನ್ನಡಕ ತೆಗೆದಿಟ್ಟು ಹೇಳಿದರು. ಕಣ್ಣೊಳಗಿನ ಒತ್ತಡ ಏರಿ ನರ ಸವೆದಿದೆ. ಪಕ್ಕದ ನೋಟ ಹೋಗಿದೆ, ನೀಲಿ ಹೋಗುತ್ತಿದೆ. ದಿನಾ ಹನಿ ಹಾಕಿಕೊಂಡರೆ ಉಳಿದದ್ದನ್ನು ಕಾಪಾಡಬಹುದು, ಹೋದದ್ದು ಬರುವುದಿಲ್ಲ.

"ಎಷ್ಟು ದಿನದಿಂದ ಹೀಗಿದೆ? ಕೆಲವು ತಿಂಗಳು ಮೊದಲೇ ಬಂದಿದ್ರೆ ಇಷ್ಟು ಹೋಗ್ತಿರಲಿಲ್ಲಪ್ಪ. ಒಬ್ಬರಾದ್ರೂ ನಿಮಗೆ ಹೇಳಲಿಲ್ವಾ?"

ಅವನು ಅವಳ ಕಡೆ ತಿರುಗಲಿಲ್ಲ. "ಹೇಳಿದ್ರು ಡಾಕ್ಟ್ರೇ. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ," ಎಂದ. ಡಾಕ್ಟರೆದುರು ಅವನು ಅವಳ ಮಾನ ಉಳಿಸಿದ್ದ. ಅದು ಅವಳಿಗೆ ಯಾವ ಬೈಗುಳಕ್ಕಿಂತಲೂ ಹೆಚ್ಚು ಉರಿಯಿತು.

ಅಕ್ಕನ ಊರಿನಲ್ಲಿ ಕಣ್ಣಿನ ದೊಡ್ಡ ಆಸ್ಪತ್ರೆಯಿತ್ತು. ಅಲ್ಲೇ ಇದ್ದು ತೋರಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಹೊರಡುವ ದಿನ ಬೆಳಿಗ್ಗೆ ಅವನು ಪ್ರೆಸ್ಸಿನ ಬಾಗಿಲಲ್ಲಿ ಕಾಣಿಸಿಕೊಂಡ. ಅಪ್ಪ ಅಂದು ತಮಾಷೆ ಮಾಡಲಿಲ್ಲ. ಕೈಗೆ ಮೆತ್ತಿದ್ದ ಶಾಯಿ ಒರೆಸಿಕೊಂಡು ಅವನ ಭುಜ ತಟ್ಟಿ, "ಕಳಿಸಿ ಬಾ ಮಗಳೇ," ಎಂದರು.

ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದರು. ಅವನಿಗೆ ಕಾಣದ ಬದಿಯಲ್ಲಿ ಅವಳು ನಡೆಯುತ್ತಿದ್ದಳು. ಎದುರಿಗೆ ಬರುವವರು ಅವನಿಗೆ ತಾಗದಂತೆ ನೋಡಿಕೊಳ್ಳುತ್ತಿದ್ದಳು.

"ಕೋಪ ಇದೆಯಾ?" ಎಂದು ಕೇಳಿದಳು.

"ಕೋಪ ಇಲ್ಲ ಅಂದ್ರೆ ಸುಳ್ಳು. ಪ್ರೀತಿ ಇಲ್ಲ ಅಂದ್ರೂ ಸುಳ್ಳು." ಹೆಗಲ ಚೀಲ ಸರಿಮಾಡಿಕೊಂಡ. "ಬೇರೆಯವರ ಸುಳ್ಳಾದ್ರೆ ಕಿವೀಲಿ ಕೇಳಿ ಮರೀಬಹುದು. ನೀನು ನನ್ನ ಕಣ್ಣಿಗೇ ಸುಳ್ಳು ಹೇಳಿದೆಯಲ್ಲೇ. ಈಗ ಏನು ನೋಡಿದ್ರೂ ಇದು ನಿಜವಾ ಅಂತ ಕೇಳ್ಕೋಬೇಕು."

ತಪ್ಪಾಯಿತು ಎಂದಳು. ಅವನು ತಲೆಯಾಡಿಸಿದ.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಾಗ ಅವನು ಎದುರು ಮನೆಯ ಬಾಗಿಲು ತೋರಿಸಿದ. "ಅದು ಹಸಿರು. ಹೌದಾ?"

"ಹೌದು."

"ನಿಜ ಹೇಳು."

"ನಿಜವಾಗ್ಲೂ ಹಸಿರು."

"ಆ ಸೈಕಲ್ಲು ಕೆಂಪು. ಅದು ಗ್ಯಾರಂಟಿ." ಬೀದಿಯನ್ನೆಲ್ಲ ಹೀಗೆ ಒಂದೊಂದಾಗಿ ಹೆಸರಿಸುತ್ತ ಬಂದವನು ಕೊನೆಗೆ ಅವಳ ಕಡೆ ತಿರುಗಿದ. ತಿರುವಿನಲ್ಲಿ ಬಸ್ಸು ಕಾಣಿಸಿಕೊಂಡಿತ್ತು. "ನಿನ್ನ ಸ್ವೆಟರು ತಿಳಿ ಬೂದು. ನಿನಗೆ ಚೆನ್ನಾಗಿ ಒಪ್ಪುತ್ತೆ."

ಅವನು ಮುಗುಳ್ನಗುತ್ತಿದ್ದ. ಎಷ್ಟೋ ದಿನಗಳ ಮೇಲೆ ಆ ನಗು. ಹೌದು ಎಂದುಬಿಟ್ಟರೆ ಅದನ್ನು ಹಾಗೇ ಇಟ್ಟುಕೊಂಡು ಹೋಗುತ್ತಾನೆ. ಒಂದು ಸ್ವೆಟರಿನ ಬಣ್ಣದಿಂದ ಯಾರಿಗೇನು ನಷ್ಟ? ಆ ಹಳೆಯ ಕರುಣೆ ಅವಳ ನಾಲಿಗೆಯ ತುದಿಗೆ ಬಂತು.

"ಅಲ್ಲ," ಎಂದಳು. "ನೀಲಿ ಕಣೋ. ತುಂಬಾ ನೀಲಿ."

ನಗು ಅವನ ಮುಖದಿಂದ ಮೆಲ್ಲಗೆ ಇಳಿಯಿತು. ಕೈ ಚಾಚಿ ಸ್ವೆಟರಿನ ತೋಳನ್ನು ಬೆರಳುಗಳ ನಡುವೆ ಹಿಡಿದು ನೋಡಿದ.

"ಇಷ್ಟೇ ಬೇಕಾಗಿತ್ತು ನನಗೆ," ಎಂದ. "ಅವತ್ತು."

ಬಸ್ಸು ನಿಂತಿತು. ಅವನು ಎರಡು ಕೈಯಿಂದಲೂ ಬಾಗಿಲಿನ ಕಂಬಿ ಹುಡುಕಿ ಹಿಡಿದು ಹತ್ತಿದ. ಈ ಸಲ ಎಲ್ಲೂ ಭುಜ ತಾಗಿಸಿಕೊಳ್ಳಲಿಲ್ಲ. ಕಿಟಕಿಯ ಪಕ್ಕ ಕೂತು ಕೈಯೆತ್ತಿದ. ಅವಳು ನಿಂತಿದ್ದ ಕಡೆಗಲ್ಲ, ಅವಳು ಇರಬಹುದೆಂದು ಅಂದುಕೊಂಡ ಕಡೆಗೆ. ಅವಳು ಓಡಿಹೋಗಿ ಆ ಜಾಗದಲ್ಲೇ ನಿಂತು ಕೈಬೀಸಿದಳು.