ಕವರ್ ಬಿಟ್ಟು ಹೋದ ಕಳ್ಳ

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷವಿತ್ತು. ನಿವೃತ್ತ ನರ್ಸ್ ಬೀರು ತೆರೆದು ರೆಕಾರ್ಡಿನ ಕವರೊಂದನ್ನು ಎತ್ತಿಕೊಂಡರು. ಅದು ಹಗುರವಾಗಿತ್ತು. ಒಳಗೆ ಕೈಹಾಕಿ ನೋಡಿದರು. ಏನೂ ಇರಲಿಲ್ಲ.

ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಮೇಡಂ ಬಂದರು. ಮೂರು ವಾರದಿಂದ ಅವರಿಗೆ ಒಂದು ದಿನವೂ ರಜೆ ಸಿಕ್ಕಿರಲಿಲ್ಲ. ಶೂಗಳೊಳಗೆ ಪಾದಗಳು ಊದಿಕೊಂಡಿದ್ದವು. ಹಳೇ ರೆಕಾರ್ಡ್ ಕಳುವಾಗಿದೆ ಎಂಬ ಫೋನು ಬಂದಾಗ ಠಾಣೆಯಲ್ಲಿ ಎಲ್ಲರೂ ನಕ್ಕಿದ್ದರು. ಮೇಡಂಗೆ ನಗುವಷ್ಟು ತ್ರಾಣವೂ ಉಳಿದಿರಲಿಲ್ಲ. ಅದಕ್ಕೇ ತಾವೇ ಹೊರಟು ಬಂದಿದ್ದರು.

ಕೋಣೆಯ ಮೂರು ಗೋಡೆಗಳಿಗೂ ರೆಕಾರ್ಡುಗಳು ತುಂಬಿದ್ದವು. ನಾಲ್ಕನೆಯ ಗೋಡೆಗೆ ಮರದ ಪೆಟ್ಟಿಗೆಯ ಟರ್ನ್‌ಟೇಬಲ್, ಗಾಜಿನ ವಾಲ್ವುಗಳ ಆಂಪ್ಲಿಫೈಯರ್, ಸೊಂಟದೆತ್ತರದ ಎರಡು ಸ್ಪೀಕರ್. ಎಲ್ಲ ನರ್ಸಮ್ಮನ ಗಂಡ ಜೀವಮಾನವಿಡೀ ಕೂಡಿಹಾಕಿದ್ದು. ಹಾಸಿಗೆ ಹಾಸಲೂ ಜಾಗವಿಲ್ಲವೆಂದು ನರ್ಸಮ್ಮ ಆಗ ದಿನವೂ ಗೊಣಗುತ್ತಿದ್ದರಂತೆ. ಗಂಡ ತೀರಿಹೋಗಿ ಆರು ವರ್ಷವಾಗಿತ್ತು. ಈಗ ದಿನವೂ ಧೂಳು ಒರೆಸುವವರು ನರ್ಸಮ್ಮನೇ.

"ಮದುವೆಯಾದ ವಾರ ಒಂದು ವಸ್ತುಪ್ರದರ್ಶನಕ್ಕೆ ಹೋಗಿದ್ವಿ," ಎಂದರು ನರ್ಸಮ್ಮ. "ಅಲ್ಲಿ ನಮ್ಮ ಮಾತನ್ನೇ ರೆಕಾರ್ಡ್ ಮಾಡಿಕೊಡೋ, ಫೋನ್ ಬೂತಿನಂಥ ಒಂದು ಗೂಡು ಇತ್ತು. ನಮ್ಮವರು ಅದರೊಳಗೆ ಹೋಗಿ ಮಾಡಿಸಿದ್ರು. ಅವರ ಧ್ವನಿ ಅಂತ ಇರೋದು ಅದೊಂದರಲ್ಲೇ ಮೇಡಂ. ಭಾನುವಾರಕ್ಕೊಂದು ಸಲ ಕೇಳ್ತೀನಿ."

ಬೀಗ ಮುರಿದಿರಲಿಲ್ಲ. ಶನಿವಾರ ಬೆಳಿಗ್ಗೆ ಧೂಳು ಒರೆಸುವಾಗ ರೆಕಾರ್ಡ್ ಕವರಿನಲ್ಲೇ ಇತ್ತು. ಆಮೇಲೆ ಮನೆಗೆ ಬಂದವರು ಮೂವರೇ. ಮಧ್ಯಾಹ್ನ ಮಹಡಿಯ ಮೇಲಿರುವ ಮೈದುನ, ಹಳೇ ರೆಕಾರ್ಡಿನ ಅಂಗಡಿಯವನನ್ನು ಕರೆತಂದಿದ್ದ. ಎಲ್ಲ ಮಾರಿಬಿಡಿ ಎಂದು ಮೈದುನನದು ಒಂದೇ ವರಾತ. ಸಂಜೆ ಬಂದವನು ಗಂಡನ ಗೆಳೆಯ, ಓಣಿಯವರೆಲ್ಲ ರೇಡಿಯೊ ಡಾಕ್ಟರ್ ಎನ್ನುವ ಮೆಕ್ಯಾನಿಕ್. ಟರ್ನ್‌ಟೇಬಲಿಗೆ ಹೊಸ ಮುಳ್ಳು ಹಾಕಲು ಬಂದಿದ್ದ. ಅವನು ಕೆಲಸ ಮಾಡುತ್ತಿದ್ದಾಗ ನರ್ಸಮ್ಮ ಅರ್ಧ ಗಂಟೆ ಔಷಧಿ ಅಂಗಡಿಗೆ ಹೋಗಿದ್ದರು. ಮನೆಯವನಂತೆಯೇ ಆದ್ದರಿಂದ ಅವನ ಮೇಲೆ ಅನುಮಾನವಿಲ್ಲ ಎಂದೂ ಸೇರಿಸಿದರು.

ಮೇಡಂ ಟರ್ನ್‌ಟೇಬಲಿನ ಮುಚ್ಚಳ ಎತ್ತಿದರು. ಮುಳ್ಳಿನ ಕೈಯನ್ನು ಕೊಕ್ಕೆಗೆ ಸಿಕ್ಕಿಸಿತ್ತು. ಮುಳ್ಳಿಗೆ ಪುಟ್ಟ ಟೋಪಿಯನ್ನೂ ಹಾಕಿತ್ತು. ಆ ಕೈಯ ಹಿಂಬದಿಯಲ್ಲಿ ತಿರುಗಿಸುವ ಅಂಕಿಗಳ ಬಳೆ ಆರರಲ್ಲಿ ನಿಂತಿತ್ತು. ರೆಕಾರ್ಡ್ ಇಡುವ ರಬ್ಬರ್ ಹಾಸಿನ ಅಂಚಿಗೆ ಒಂದು ಕಪ್ಪು ಕೂದಲು ಅಂಟಿತ್ತು. ಅದನ್ನು ಕಾಗದದಲ್ಲಿ ಮಡಿಸಿಟ್ಟುಕೊಂಡರು. ನರ್ಸಮ್ಮನ ತಲೆಯೆಲ್ಲ ಬಿಳಿ.

* * *

ಮೈದುನನದು ಬೋಳು ತಲೆ. ಮನೆಯ ಇನ್ನೊಂದು ಕೀ ಅವನ ಹತ್ತಿರವೇ ಇತ್ತು.

"ಕದಿಯೋದಾದ್ರೆ ಆ ಆಂಪ್ಲಿಫೈಯರ್ ಕದೀತಿದ್ದೆ ಮೇಡಂ," ಎಂದ. "ನಮ್ಮಣ್ಣನ ಮಾತು ಕಟ್ಟಿಕೊಂಡು ನಾನೇನು ಮಾಡ್ಲಿ? ಅವನು ಬದುಕಿದ್ದಾಗಲೇ ಸಾಕಷ್ಟು ಕೇಳಿದೀನಿ."

ಒರಟು ಮಾತು. ಆದರೆ ಸುಳ್ಳೆನಿಸಲಿಲ್ಲ.

* * *

ಅಂಗಡಿಯವನ ಕೂದಲು ಬಣ್ಣ ಹಾಕಿದ ಕಡುಗಪ್ಪು. ಮೇಡಂ ಕಾಗದ ಬಿಚ್ಚಿ ಅವನ ಮುಂದಿಟ್ಟರು. ಇಷ್ಟು ಸುಲಭವಾಗಿ ಮುಗಿದರೆ ಮನೆಗೆ ಹೋಗಿ ಮಲಗಬಹುದು ಎಂಬ ಆಸೆ ಅವರಿಗೂ ಇತ್ತು.

ಅವನು ಭೂತಗನ್ನಡಿ ಹಿಡಿದು ನೋಡಿದ. "ಇದು ಕೂದಲಲ್ಲ ಮೇಡಂ."

ಗೂಡಿನಲ್ಲಿ ಮಾಡಿಕೊಡುತ್ತಿದ್ದ ರೆಕಾರ್ಡ್ ಬೇರೆ ಜಾತಿಯದು ಎಂದು ವಿವರಿಸಿದ. ಒಳಗೆ ಅಲ್ಯುಮಿನಿಯಂ ತಟ್ಟೆ, ಮೇಲೆ ಮೆತ್ತನೆಯ ಕಪ್ಪು ಲೇಪ. ಮುಳ್ಳಿನ ಭಾರ ಹೆಚ್ಚಾದರೆ ಲೇಪ ಎಳೆಯೆಳೆಯಾಗಿ ಕಿತ್ತುಬರುತ್ತದೆ. ಭಾರದ ಬಳೆ ಎರಡರಲ್ಲಿರಬೇಕು, ಹೆಚ್ಚೆಂದರೆ ಎರಡೂವರೆ.

ಮೇಡಂಗೆ ಬಳೆ ಆರರಲ್ಲಿ ನಿಂತಿದ್ದುದು ನೆನಪಾಯಿತು. ಎದ್ದು ಹೊರಡುತ್ತಾ, ಖಾಲಿ ಕವರ್ ಬೀರುವಿನಲ್ಲೇ ಉಳಿದಿತ್ತೆಂದು ಹೇಳಿದರು. ಅಂಗಡಿಯವನು ತಲೆಯಾಡಿಸಿದ.

"ಕವರ್ ಬಿಟ್ಟು ರೆಕಾರ್ಡ್ ಕದಿಯೋನು ನಮ್ಮ ಲೈನಿನವನಲ್ಲ."

* * *

ರೇಡಿಯೊ ಡಾಕ್ಟರನ ಅಂಗಡಿ ಒಂದು ಓಣಿಯ ಕೊನೆಗಿತ್ತು. ಹೊಟ್ಟೆ ಬಗೆದ ರೇಡಿಯೊಗಳ ನಡುವೆ ನರೆತ ತಲೆಯ ಮನುಷ್ಯ ಸುಮ್ಮನೆ ಕೂತಿದ್ದ. ಬೆಸುಗೆಯ ಕಡ್ಡಿ ತಣ್ಣಗಿತ್ತು.

ಮೇಡಂ ಕಾಗದ ಬಿಚ್ಚಿ ಅವನ ಕೈಗಿಟ್ಟರು. ಅವನು ಅದನ್ನು ಮೂಗಿನ ತುದಿಗೆ ತಂದು ತಿರುಗಿಸಿ ತಿರುಗಿಸಿ ನೋಡಿದ.

"ಖಾಲಿ ಕಾಗದ ಇದು. ಏನು ಬರೀಬೇಕು?"

ಎಳೆ ಕಾಗದದ ನಟ್ಟನಡುವೆ ಇತ್ತು. ಮೇಡಂ ಮುರುಕು ಸ್ಟೂಲಿನ ಮೇಲೆ ಕೂತರು. ಗೆದ್ದೆ ಎಂಬ ಖುಷಿಯೇನೂ ಆಗಲಿಲ್ಲ.

"ಕಣ್ಣು ಯಾವಾಗಿಂದ ಹೀಗಾಗಿದೆ?"

ಅವನು ಕಾಗದ ಮಡಿಸಿ ವಾಪಸ್ ಕೊಟ್ಟ. ಮೇಡಂ ತಾವೇ ಹೇಳಿದರು. ಅವಸರದ ಕಳ್ಳ ಮುಳ್ಳಿಗೆ ಟೋಪಿ ಹಾಕಿ ಹೋಗುವುದಿಲ್ಲ. ಅದು ಕೆಲಸಗಾರನ ಕೈಯ ರೂಢಿ. ಮಾರುವವನು ಕವರ್ ಬಿಡುವುದಿಲ್ಲ. ಬಿಟ್ಟವನಿಗೆ ರೆಕಾರ್ಡ್ ಬೇಕಿರಲಿಲ್ಲ, ಅದು ಯಾರ ಕಣ್ಣಿಗೂ ಬೀಳದಿದ್ದರೆ ಸಾಕಿತ್ತು. ಬಳೆಯನ್ನು ಆರಕ್ಕೆ ತಿರುಗಿಸಿ ಎರಡೆಂದುಕೊಂಡವನಿಗೆ ಅಂಕಿಗಳೇ ಕಾಣುತ್ತಿರಲಿಲ್ಲ.

"ಹೊಸ ಮುಳ್ಳನ್ನ ಯಾವುದಾದ್ರೂ ಗುಜರಿ ರೆಕಾರ್ಡ್ ಮೇಲೆ ನೋಡಬೇಕು," ಎಂದ ರೇಡಿಯೊ ಡಾಕ್ಟರ್. "ನಲವತ್ತು ವರ್ಷ ಹಾಗೇ ಮಾಡಿದೀನಿ. ನಿನ್ನೆ ಅತ್ತಿಗೆ ಇರಲಿಲ್ಲ. ಅಣ್ಣನ ಧ್ವನಿ ಒಂದ್ಸಲ ಕೇಳೋಣ ಅನ್ನಿಸ್ತು. ಗರಗರ ಅಂತು. ಬೆರಳಲ್ಲಿ ಮುಟ್ಟಿದ್ರೆ ಸಿಪ್ಪೆ ಸಿಪ್ಪೆ."

ಕಣ್ಣು ಹೋಯಿತೆಂದು ಗೊತ್ತಾದರೆ ಯಾರೂ ಕೆಲಸ ಕೊಡುವುದಿಲ್ಲ ಎಂದು ಮುಚ್ಚಿಟ್ಟಿದ್ದನಂತೆ. ಅತ್ತಿಗೆಗೆ ಹೇಗೆ ಹೇಳುವುದೆಂದು ತಿಳಿಯದೆ ರೆಕಾರ್ಡನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದಿದ್ದ. ಡ್ರಾಯರಿನಿಂದ ಅದನ್ನು ತೆಗೆದ. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿತ್ತು.

* * *

ಸಂಜೆ ಐದಕ್ಕೆ ಮೇಡಂ ಮೆಕ್ಯಾನಿಕ್‌ನನ್ನು ಕರೆತಂದರು. ನರ್ಸಮ್ಮ ಎಲ್ಲವನ್ನೂ ನಿಂತೇ ಕೇಳಿಸಿಕೊಂಡರು. ಬಟ್ಟೆ ಬಿಚ್ಚಿ, ರೆಕಾರ್ಡಿನ ಲೇಪ ಕಿತ್ತುಬಂದಿದ್ದ ಗೀರನ್ನು ಬೆರಳಿನಿಂದ ಸವರಿದರು. ಕೋಪ ಬಂದಿತ್ತು, ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಮೆಕ್ಯಾನಿಕ್‌ನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ರೆಪ್ಪೆ ಎತ್ತಿ ನೋಡಿದರು.

"ಪೊರೆ ಬಂದಿದೆ. ಆಪರೇಷನ್ ಮಾಡಿದ್ರೆ ಸರಿಹೋಗುತ್ತೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿದ್ದವಳ ಹತ್ರ ಇದನ್ನ ಮುಚ್ಚಿಟ್ಟೆಯಲ್ಲೋ, ದೊಡ್ಡ ಡಾಕ್ಟರ್ ನೀನು." ಗಲ್ಲ ಬಿಟ್ಟು, ರೆಕಾರ್ಡಿನ ಕಡೆ ತಿರುಗಿ ಕೇಳಿದರು, "ಎಷ್ಟು ಹೋಗಿದೆ?"

"ಮೊದಲ ಮಾತುಗಳು, ಅತ್ತಿಗೆ. ಉಳಿದದ್ದಿದೆ."

"ಸರಿ. ಹಾಕು."

ಅವನು ತಡಕಾಡಿ ಭಾರದ ಬಳೆಯನ್ನು ತಿರುಗಿಸತೊಡಗಿದ. ಮೇಡಂ ಟಾರ್ಚ್ ಹಿಡಿದು ಬಗ್ಗಿ ಅಂಕಿಗಳನ್ನು ಓದುತ್ತಾ ಹೋದರು. ಐದು. ನಾಲ್ಕು. ಮೂರು. ಎರಡು. ಸಾಕು. ಗೀರು ಎಲ್ಲಿ ಮುಗಿಯುತ್ತದೆಂದೂ ಅವರೇ ತೋರಿಸಿದರು.

ಅವನು ಮುಳ್ಳು ಇಳಿಸುವ ಮುಂಚೆ ನರ್ಸಮ್ಮ ಕೈ ಅಡ್ಡ ಹಿಡಿದರು. ಗೋಡೆ ನೋಡುತ್ತಾ, ಹೋದ ಮಾತುಗಳನ್ನು ತಾವೇ ಹೇಳಿದರು.

"ಕೇಳಿಸ್ತಿದೆಯೇನೇ? ಈ ಗೂಡಿನೊಳಗೆ ಬೆಂದುಹೋಗ್ತಿದೀನಿ. ಆಚೆ ನಿಂತು ನಗಬೇಡ."

ಆಮೇಲೆ ಕೈ ತೆಗೆದರು. ಮುಳ್ಳು ಇಳಿಯಿತು. ಗಂಡಸೊಬ್ಬ ಶ್ರುತಿ ತಪ್ಪಿ ಹಾಡತೊಡಗಿದ. ಅವನ ಹಿಂದೆ, ದೂರದಲ್ಲಿ, ಹುಡುಗಿಯೊಬ್ಬಳು ನಗುತ್ತಲೇ ಇದ್ದಳು.

ಮೇಡಂ ದೂರಿನ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಶೂ ಬಿಚ್ಚಿ, ಗೋಡೆಗೊರಗಿ ನೆಲದ ಮೇಲೆ ಕೂತರು.