ಎರಡನೇ ತಟ್ಟು

ಕೀ ಬರಲಿಲ್ಲ.

ಎಂಜಿನ್ ನಿಂತಿತ್ತು, ಗೇರು ಪಾರ್ಕಿನಲ್ಲಿತ್ತು, ಹ್ಯಾಂಡ್‌ಬ್ರೇಕ್ ಎಳೆದಾಗಿತ್ತು. ಆದರೂ ಕೀ ಹಿಂದಕ್ಕೆ ಕೊನೆಯ ಒಂದು ಸುತ್ತು ತಿರುಗಲೊಲ್ಲದೆ ಹಟ ಹಿಡಿದು ಕೂತಿತ್ತು. ಕೀ ಬರುವವರೆಗೂ ರೇಡಿಯೊ ನಿಲ್ಲುವುದಿಲ್ಲ, ಅದರ ಗುಂಡಿ ದೊಡ್ಡಪ್ಪನ ಕಾಲದಲ್ಲೇ ಕಿತ್ತುಹೋಗಿತ್ತು. ಹಾಗಾಗಿ ಸ್ಪೀಚ್ ಥೆರಪಿ ಸೆಂಟರಿನ ಬಾಗಿಲೆದುರು, ‘ವಾಹನ ನಿಲ್ಲಿಸಬಾರದು’ ಎಂಬ ಬೋರ್ಡಿನ ಕೆಳಗೆ, ಅವಳ ಹಳೆಯ ಕಾರು ಬಾತ್‌ರೂಮ್ ಟೈಲ್ಸಿನ ಗುಣಗಾನ ಮಾಡುತ್ತಿತ್ತು. ಜಾರುವುದಿಲ್ಲ, ಕಲೆ ಹಿಡಿಯುವುದಿಲ್ಲ, ಜೀವನಪೂರ್ತಿ ಹೊಳೆಯುತ್ತದೆ.

ಅವಳು ಪೆಥಾಲಜಿಸ್ಟ್. ಪಕ್ಕದ ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಗಾಜಿನ ಸ್ಲೈಡುಗಳನ್ನಿಟ್ಟು, ಯಾವ ಕೋಶ ನೆಟ್ಟಗಿದೆ, ಯಾವುದು ಹಾದಿ ತಪ್ಪಿದೆ ಎಂದು ಹೇಳುವುದು ಅವಳ ಕೆಲಸ. ಅದೇ ಅಭ್ಯಾಸದಿಂದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕುತ್ತ ಬಂದಳು. ಸ್ಟೀರಿಂಗ್ ಬಿಗಿದಿದೆಯೇ ಎಂದು ಅತ್ತಿತ್ತ ಆಡಿಸಿದಳು. ಗೇರನ್ನು ಹಿಂದೆ ತಂದು ಮತ್ತೆ ಪಾರ್ಕಿಗೆ ಹಾಕಿದಳು. ಬ್ರೇಕ್ ತುಳಿದು ನೋಡಿದಳು. ಕೊನೆಗೆ ವಿಜ್ಞಾನವೆಲ್ಲ ಮುಗಿದು, ಹಲ್ಲು ಕಚ್ಚಿ ಕೀಯನ್ನೇ ತಿರುಚಿದಳು.

“ಹೋಲ್ಡಾನ್,” ಎಂದಿತು ಹೊರಗಿನಿಂದ ಒಂದು ದನಿ.

ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತ ಮುದುಕರು. ಬಸ್ ಕಂಡಕ್ಟರ್ ಆಗಿದ್ದವರು, ಲಕ್ವ ಹೊಡೆದ ಮೇಲೆ ಮಾತೆಲ್ಲ ಹೋಗಿ ಎರಡೇ ಎರಡು ಪದ ಉಳಿದಿದ್ದವು. ಬೇಡ, ನಿಲ್ಲಿಸು, ತಪ್ಪು ಎನ್ನಲು ‘ಹೋಲ್ಡಾನ್’. ಸರಿ, ಆಗಲಿ, ಸಂತೋಷ ಎನ್ನಲು ‘ರೈಟ್’. ಇದೇ ಸೆಂಟರಿನಲ್ಲಿ ಅವರಿಗೆ ಮಾತು ಕಲಿಸುತ್ತಿದ್ದ ಅವನು, ಅವರ ಬಗ್ಗೆ ಎಷ್ಟೋ ಸಲ ಕಾರಿನಲ್ಲಿ ಅವಳಿಗೆ ಹೇಳಿದ್ದ. ಇಷ್ಟರಲ್ಲೇ ಸಂಸಾರ ನಡೆಸ್ತಿದಾರೆ ಡಾಕ್ಟ್ರೇ, ನಮಗೆ ಎಷ್ಟು ಪದ ದಂಡ ನೋಡಿ, ಎಂದು ನಕ್ಕಿದ್ದ.

ಆ ನಗು ನೆನಪಾಗಿ ಅವಳಿಗೆ ಕಿವಿ ಬಿಸಿಯಾಯಿತು.

ಅವಳು ಬಂದದ್ದು ಅವನ ಕ್ಷಮೆ ಕೇಳಲು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು, ಹೆದರಿ ಹೆದರಿ ಒಬ್ಬಳೇ ಕಾರು ಓಡಿಸಿಕೊಂಡು ಬಂದಿದ್ದಳು. ಈಗ ನೋಡಿದರೆ, ಕಾರು ಕೈಕೊಟ್ಟದ್ದಕ್ಕೆ ಡ್ರೈವರ್‌ನನ್ನು ಹುಡುಕಿಕೊಂಡು ಬಂದವಳ ಹಾಗೆ ಕಾಣುತ್ತಿದ್ದಳು. ಎಲ್ಲ ಬಿಟ್ಟು ಆ ಪದವೇ ಮನಸ್ಸಿಗೆ ಬರಬೇಕೆ.

ಡ್ರೈವರ್.

ಕಾರು ದೊಡ್ಡಪ್ಪನದು. ಅವರು ಹೋದ ಮೇಲೆ ಅವಳ ಪಾಲಿಗೆ ಬಂದಿತ್ತು. ಲೈಸೆನ್ಸ್ ಇತ್ತು, ಧೈರ್ಯವಿರಲಿಲ್ಲ. ಪಕ್ಕದ ಬೀದಿಯಲ್ಲೇ ಮನೆ ಮಾಡಿಕೊಂಡಿದ್ದ ಅವನಿಗೆ ಧೈರ್ಯವಿತ್ತು, ಕಾರಿರಲಿಲ್ಲ. ಕಳೆದ ವರ್ಷ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇಬ್ಬರ ತಟ್ಟೆಗಳು ಅದಲುಬದಲಾಗಿ ಶುರುವಾದ ಪರಿಚಯ, ದಿನವೂ ಬೆಳಿಗ್ಗೆ ಸಂಜೆ ಒಂದೇ ಕಾರಿನಲ್ಲಿ ಬೆಳೆಯಿತು. ರೋಗಿಗಳು ಅವನನ್ನು ‘ಮಾತಿನ ಮೇಷ್ಟ್ರು’ ಎನ್ನುತ್ತಿದ್ದರು. ಆ ಮೇಷ್ಟ್ರಿಗೇ ಮಾತು ತಡೆಯುತ್ತಿತ್ತು. ಕೆಲವು ಅಕ್ಷರಗಳ ಬಾಗಿಲಲ್ಲಿ ಅವನು ನಿಂತುಬಿಡುತ್ತಿದ್ದ. ತುಟಿ ಕೂಡಿರುತ್ತಿತ್ತು, ಕಣ್ಣು ನಿಧಾನ ಮುಚ್ಚುತ್ತಿತ್ತು, ದನಿ ಮಾತ್ರ ಬರುತ್ತಿರಲಿಲ್ಲ. ಮೊದಲ ವಾರವೇ ಹೇಳಿದ್ದ: ನಾನು ಸಿಕ್ಕಿಹಾಕಿಕೊಂಡಾಗ ಕಾಯಿರಿ, ನನ್ನ ಮಾತು ನೀವು ಮುಗಿಸಬೇಡಿ, ಅಷ್ಟೇ ನಾನು ಕೇಳುವುದು.

ಕಾದಿದ್ದಳು. ಕಾಯುವುದರಲ್ಲಿ ಒಂದು ಸುಖವಿತ್ತು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವನ ವಾಕ್ಯವೂ ನಡುವೆ ನಿಂತಿರುತ್ತಿತ್ತು. ಅವಳು ಅವನ ರೆಪ್ಪೆಗಳನ್ನು, ಕೆಳತುಟಿಯ ಸಣ್ಣ ನಡುಕವನ್ನು, ಸ್ಲೈಡಿನ ಮೇಲೆ ಫೋಕಸ್ ಕೂಡಿಸುವ ತಾಳ್ಮೆಯಿಂದ ನೋಡುತ್ತಿದ್ದಳು. ಮಾತು ಬಿಡಿಸಿಕೊಂಡ ಕೂಡಲೇ ಅವನು ತಿರುಗಿ, ಏನು ರಿಪೋರ್ಟು ಡಾಕ್ಟ್ರೇ, ಎಂದು ಹುಬ್ಬು ಹಾರಿಸುತ್ತಿದ್ದ. ಸ್ಯಾಂಪಲ್ ಸಾಲದು, ಇನ್ನೂ ನೋಡಬೇಕು, ಎಂದು ಅವಳು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದಳು.

ಪ್ರಯಾಣ ಮುಗಿದಾಗ ಅವನದೊಂದು ರೂಢಿ. ಗೇರನ್ನು ಪಾರ್ಕಿಗೆ ಹಾಕಿ, ಅದರ ನೆತ್ತಿಯ ಮೇಲೆ ಅಂಗೈಯಿಂದ ಎರಡು ಸಲ, ಮಲಗಿದ ಮಗುವಿನ ಬೆನ್ನು ತಟ್ಟುವಂತೆ, ಮೆಲ್ಲಗೆ ತಟ್ಟುತ್ತಿದ್ದ. ಆಮೇಲೆ ಕೀ ತೆಗೆದು ಅವಳ ಅಂಗೈಗೆ ಹಾಕುತ್ತಿದ್ದ. ಇಬ್ಬರೂ ಬಾಯಿಬಿಟ್ಟು ಏನನ್ನೂ ಹೇಳಿಕೊಂಡಿರಲಿಲ್ಲ. ಹೇಳುವ ಅಗತ್ಯವೂ ಕಂಡಿರಲಿಲ್ಲ.

ಆಮೇಲೆ ದೊಡ್ಡಮ್ಮ ಬಂದರು.

ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿ ಬೆಳೆಸಿದವರು ಈ ದೊಡ್ಡಮ್ಮ. ಈಗ ಮಗನ ಮನೆಯಲ್ಲಿದ್ದರು, ಒಂದು ಸಂಜೆ ಹೇಳದೆ ಕೇಳದೆ ಬಂದು ಅವಳ ಮನೆಯ ಗೇಟಿನಲ್ಲಿ ನಿಂತಿದ್ದರು. ಜೀವಮಾನವಿಡೀ ಭಾಷೆಯ ಟೀಚರ್ ಆಗಿದ್ದವರು. ತರಗತಿಯಲ್ಲಿ ಯಾರಾದರೂ ತೊದಲಿದರೆ, ಸ್ಪಷ್ಟವಾಗಿ ಬರುವವರೆಗೂ ನಿಲ್ಲಿಸಿ ಹೇಳಿಸುತ್ತಿದ್ದರು. ಕಾರಿನಿಂದ ಇಳಿದ ಅವನನ್ನು ಕನ್ನಡಕದ ಮೇಲಿಂದ ನೋಡಿ, ನಿಮ್ಮ ಹೆಸರೇನಪ್ಪ ಎಂದು ಕೇಳಿದರು.

ಅವನಿಗೆ ಎಲ್ಲಕ್ಕಿಂತ ಕಷ್ಟದ ಪದ ಅವನ ಹೆಸರೇ. ಬೇರೆ ಪದವಾದರೆ ಬದಲಿಸಿ ದಾಟಿಕೊಳ್ಳಬಹುದು, ಹೆಸರಿಗೆ ಬದಲಿ ಇಲ್ಲ. ಅವನ ತುಟಿ ಕೂಡಿತು. ಕಣ್ಣು ಮುಚ್ಚಿತು. ದೊಡ್ಡಮ್ಮನ ಹುಬ್ಬು ಏರತೊಡಗಿತು. ಆ ಮೌನದಲ್ಲಿ ಅವಳಿಗೆ ಅವನು ಕಾಣಲಿಲ್ಲ. ದೊಡ್ಡಮ್ಮನ ಕಣ್ಣಿಗೆ ಅವನು ಹೇಗೆ ಕಾಣುತ್ತಿರಬಹುದು ಎಂಬುದಷ್ಟೇ ಕಂಡಿತು.

“ಡ್ರೈವರ್, ದೊಡ್ಡಮ್ಮ,” ಎಂದುಬಿಟ್ಟಳು.

ಅವನ ತುಟಿ ಬಿಚ್ಚಿತು. ಯಾವ ಸದ್ದೂ ಬರಲಿಲ್ಲ. ತಲೆ ಬಾಗಿಸಿ ನಮಸ್ಕಾರ ಮಾಡಿ ಹೊರಟುಹೋದ.

ಅದೂ ಹೋಗಲಿ. ಮರುದಿನ ಬೆಳಿಗ್ಗೆ ಅವನು ಹೊತ್ತಿಗೆ ಸರಿಯಾಗಿ ಬಂದು, ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿದುಕೊಂಡು, “ಹತ್ತಿ ಮೇಡಂ,” ಎಂದಾಗ, ಮಹಡಿಯ ಕಿಟಕಿಯಲ್ಲಿ ದೊಡ್ಡಮ್ಮ ನಿಂತಿದ್ದಾರೆಂದು ಗೊತ್ತಿದ್ದ ಅವಳು ಹತ್ತಿ ಕೂತಿದ್ದಳು. ಹಿಂದಿನ ಸೀಟಿನಲ್ಲಿ. ದಿನವೂ ಅವಳ ಕಣ್ಣಿಗೆ ಕಣ್ಣು ಸಿಗುವಂತೆ ಓರೆ ಮಾಡಿಟ್ಟುಕೊಳ್ಳುತ್ತಿದ್ದ ಕನ್ನಡಿಯನ್ನು ಅವನು ಆವತ್ತು ನೇರ ಮಾಡಿದ್ದ, ಅದರಲ್ಲಿ ರಸ್ತೆ ಮಾತ್ರ ಕಾಣುತ್ತಿತ್ತು. ಆಸ್ಪತ್ರೆ ಬಂದಾಗ ಗೇರಿನ ನೆತ್ತಿ ತಟ್ಟಿದನೋ ಇಲ್ಲವೋ, ಹಿಂದಿನಿಂದ ಅವಳಿಗೆ ಕಾಣಲಿಲ್ಲ. ಕೀಯನ್ನು ಅವಳ ಅಂಗೈಗೆ ಹಾಕಲಿಲ್ಲ, ಮುಂದಿನ ಸೀಟಿನ ಮೇಲಿಟ್ಟು ಇಳಿದ. ಸಂಜೆಯೂ ಹಾಗೆಯೇ ಕಾರನ್ನು ಅವಳ ಮನೆಗೆ ಮುಟ್ಟಿಸಿದ. ಮರುದಿನದಿಂದ ಅವನು ಬಸ್ಸು ಹಿಡಿದ, ಅವಳು ಆಟೊ ಹಿಡಿದಳು.

ನಿನ್ನೆ ಊಟದ ಹೊತ್ತಿಗೆ ದೊಡ್ಡಮ್ಮ, ಡ್ರೈವರ್ ಯಾಕೆ ಬರುತ್ತಿಲ್ಲ ಎಂದು ವಿಚಾರಿಸಿದ್ದರು. ಪಾಪ, ಮಾತು ಬಾರದವನಿರಬೇಕು, ಅದೇ ಕಾರಣಕ್ಕೆ ಕೆಲಸ ಬಿಡಿಸಿಬಿಟ್ಟೀಯೆ, ಎಂದೂ ಸೇರಿಸಿದ್ದರು. ಅವಳು ತಟ್ಟೆ ಬಿಟ್ಟು ಎದ್ದಿದ್ದಳು.

ಈಗ ವಾಚ್‌ಮನ್ ಬಂದು ಬಗ್ಗಿ ನೋಡಿದ. ಅವನ ಹಿಂದೆ ಇಬ್ಬರು ಮೂವರು. ಒಬ್ಬರು ಕೀಗೆ ಎಣ್ಣೆ ಬಿಡಿ ಎಂದರು, ಇನ್ನೊಬ್ಬರು ಬ್ಯಾಟರಿ ಬಿಚ್ಚಿ ಎಂದರು. ಬ್ಯಾಗ್ ಹಿಡಿದ ಹೆಂಗಸೊಬ್ಬರು ಎಲ್ಲ ಕೇಳಿಸಿಕೊಂಡು, ಡ್ರೈವರ್‌ಗೆ ಫೋನ್ ಮಾಡಿ ಎಂದರು. ಅವಳು ಸ್ಟೀರಿಂಗಿನ ಮೇಲೆ ಹಣೆಯಿಟ್ಟಳು. ಹಾರ್ನ್ ಹೊಡೆದುಕೊಂಡಿತು.

ತಲೆಯೆತ್ತಿದಾಗ ಸೆಂಟರಿನ ಬಾಗಿಲಲ್ಲಿ ಅವನು ನಿಂತಿದ್ದ. ಕೈಯಲ್ಲಿ ಚಿತ್ರದ ಕಾರ್ಡುಗಳ ಕಟ್ಟು, ಮೇಲಿನದರಲ್ಲಿ ಬಾತುಕೋಳಿ.

ಜನರನ್ನು ವಾಚ್‌ಮನ್ ಚದುರಿಸಿದ. ಅವನು ಕಾರ್ಡುಗಳ ಕಟ್ಟಿನೊಂದಿಗೇ ಕಾರಿನ ಹತ್ತಿರ ಬಂದು, ಒಂದು ಗಳಿಗೆ ಹಿಂದಿನ ಬಾಗಿಲನ್ನು ನೋಡಿ, ಆಮೇಲೆ ಮುಂದಿನ ಬಾಗಿಲು ತೆರೆದು ಅವಳ ಪಕ್ಕ ಕೂತ. ಯಾವಾಗಲೂ ಅವಳು ಕೂರುತ್ತಿದ್ದ ಜಾಗ. ರೇಡಿಯೊ ಈಗ ಸಿಂಕು ನಲ್ಲಿಗಳಿಗೆ ಬಂದಿತ್ತು.

“ಕೀ ಸಿಕ್ಕಿಹಾಕ್ಕೊಂಡಿದೆ. ಆದ್ರೆ ಅದಕ್ಕೆ ಬಂದಿದ್ದಲ್ಲ,” ಎಂದಳು.

“ಗೊತ್ತಾಯ್ತು. ಕೆಟ್ಟ ಮೇಲೆ ಇ-ಇಲ್ಲಿವರೆಗೂ ಹೇಗೆ ಬರುತ್ತೆ.”

ಮಾತು ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು. ಹಿಂದಿನ ಸೀಟಿನಿಂದಲೇ ಶುರುಮಾಡಿದಳು. ಅಲ್ಲಿ ಕೂತದ್ದು ಆವತ್ತು ಆಡಿದ ಮಾತಿಗಿಂತ ದೊಡ್ಡ ತಪ್ಪು ಎಂದಳು. ಆಮೇಲೆ ಆ ಮಾತಿಗೆ ಬಂದಳು, ಬಂದು ನಿಂತುಬಿಟ್ಟಳು.

ಅವನು ಕಾರ್ಡುಗಳ ಅಂಚು ಸರಿಮಾಡುತ್ತ, ಅವಳಿಗೆ ದಾರಿ ಮಾಡಿಕೊಟ್ಟ. ತನ್ನ ರೋಗಿಗಳಲ್ಲಿ ಹೀಗಾಗುತ್ತದೆ, ಬೇಕಾದ ಪದ ಸಿಗದೆ ಅದರ ಪಕ್ಕದ್ದು ಬಾಯಿಗೆ ಬಂದುಬಿಡುತ್ತದೆ, ಕುರ್ಚಿ ಎನ್ನಲು ಹೋಗಿ ಮೇಜು ಎನ್ನುತ್ತಾರೆ, ಗಾಬರಿಯಲ್ಲಿ ಯಾರಿಗಾದರೂ ಆಗಬಹುದು ಎಂದ. ಆ ನೆಪವನ್ನು ಹಿಡಿದುಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವಳಿಗೆ ಎಷ್ಟು ಆಸೆಯಾಯಿತೆಂದರೆ, ಕಣ್ಣಲ್ಲಿ ನೀರೇ ಬಂತು.

“ಇಲ್ಲ,” ಎಂದಳು. “ಬಾಯಿ ತಪ್ಪಿ ಬಂದಿದ್ದಲ್ಲ. ಫ್ರೆಂಡ್ ಅನ್ನೋದು ನಾಲಿಗೆ ತುದಿಯಲ್ಲಿತ್ತು. ಅದಕ್ಕಿಂತ ದೊಡ್ಡ ಪದನೂ ಇತ್ತು. ಎರಡನ್ನೂ ಬಿಟ್ಟು ಅದನ್ನೇ ಆರಿಸ್ಕೊಂಡೆ. ಡ್ರೈವರ್ ಆದ್ರೆ ಮಾತಾಡಬೇಕಾಗಿಲ್ಲ, ನೀವು ಮಾತಾಡೋದನ್ನ ದೊಡ್ಡಮ್ಮ ಕೇಳಬೇಕಾಗಿಲ್ಲ ಅಂತ. ನನಗೆ ನಾಚಿಕೆಯಾಯ್ತು. ನಿಮ್ಮ ಬಗ್ಗೆ ನಾಚಿಕೆಪಟ್ಟೆ. ಅದು ನಿಮಗೆ ಗೊತ್ತಾಗಿದೆ ಅಂತ ನನಗೂ ಗೊತ್ತು.”

ಅವನು ಕಾರ್ಡುಗಳ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಮಾತು ತಡೆದ ಮೌನ ಯಾವುದು, ಮಾತೇ ಬೇಡವೆಂಬ ಮೌನ ಯಾವುದು ಎಂದು ಗುರುತಿಸಲು ಅವಳು ಕಲಿತಿದ್ದಳು. ಇದು ಎರಡನೆಯದು. ಕೊನೆಗೆ ಕೈ ಚಾಚಿ ಗೇರಿನ ನೆತ್ತಿಯನ್ನು ಒಮ್ಮೆ ತಟ್ಟಿದ. ಒಳಗೆಲ್ಲೋ ಕ್ಲಿಕ್ ಎಂದಿತು. ಕೀ ತಾನಾಗಿ ತಿರುಗಿ ಅವಳ ಬೆರಳಿಗೆ ಬಂತು. ನಲ್ಲಿಯ ಜಾಹೀರಾತು ನಡುವಾಕ್ಯದಲ್ಲಿ ಸತ್ತಿತು.

ಪಾರ್ಕಿನ ಸ್ವಿಚ್ಚು ಸವೆದಿದೆ, ಲಿವರ್ ಪೂರ್ತಿ ಕೂತಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ, ಒಂದು ಸಲ ತಟ್ಟಬೇಕು ಎಂದ.

“ಒಂದು ಸಲ ಸಾಕಾ?”

“ಸಾಕು.”

“ಮತ್ತೆ ದಿನಾ ಎರಡು ಸಲ ತಟ್ಟುತ್ತಿದ್ರಲ್ಲ.”

ಅವನು ಬಾತುಕೋಳಿಯನ್ನು ನೋಡಿದ. ಕಿವಿಯ ತುದಿ ಕೆಂಪಾಗಿತ್ತು. “ಎ-ಎರಡನೇದು ಸ್ವಿಚ್ಚಿಗಲ್ಲ,” ಎಂದ. ಎಂದವನೇ ಬಾಗಿಲ ಹಿಡಿಗೆ ಕೈ ಹಾಕಿದ.

ಇಷ್ಟು ದಿನ ಆ ಎರಡನೇ ತಟ್ಟು ಬರುತ್ತಿದ್ದದ್ದು ತನಗಾಗಿ. ಇವತ್ತು ಒಂದಕ್ಕೇ ನಿಂತಿತ್ತು. ಕೈಯಲ್ಲಿದ್ದ ಕೀ ಬೆಚ್ಚಗಿತ್ತು, ಅದನ್ನು ಹಿಡಿದುಕೊಂಡು ಮನೆಗೆ ಹೋಗಬಹುದಿತ್ತು. ಕ್ಷಮೆ ಕೇಳಿಯಾಯಿತು, ಕಾರೂ ಸರಿಹೋಯಿತು. ಆದರೆ ಆ ಪದವನ್ನು ಅವಳು ಹೇಳಿದ್ದು ದೊಡ್ಡಮ್ಮನ ಮುಂದೆ, ಹಿಂತೆಗೆದುಕೊಂಡದ್ದು ಮಾತ್ರ ಕಿಟಕಿ ಏರಿಸಿದ ಕಾರಿನೊಳಗೆ.

“ಒಂದು ನಿಮಿಷ ಕೂತಿರಿ,” ಎಂದು ಫೋನ್ ತೆಗೆದು, ಸ್ಪೀಕರಿಗೆ ಹಾಕಿದಳು. ಅವನು ಬೇಡವೆಂದು ತಲೆಯಾಡಿಸಿದ. ಅಷ್ಟರಲ್ಲಿ ದೊಡ್ಡಮ್ಮ, ಏನು ಪುಟ್ಟಿ ಈ ಹೊತ್ತಲ್ಲಿ, ಎಂದಾಗಿತ್ತು.

“ದೊಡ್ಡಮ್ಮ, ಆವತ್ತು ಗೇಟಿನ ಹತ್ರ ಇವರ ಹೆಸರು ಕೇಳಿದ್ರಲ್ಲ. ಇವರು ಡ್ರೈವರ್ ಅಲ್ಲ. ನಾನು ಸುಳ್ಳು ಹೇಳಿದೆ. ಇವರು ಯಾರು ಅಂತ ನಾನು ಆಮೇಲೆ ಹೇಳ್ತೀನಿ, ಹೆಸರು ಇವರೇ ಹೇಳ್ತಾರೆ. ಸ್ವಲ್ಪ ಹೊತ್ತಾಗುತ್ತೆ. ಫೋನ್ ಇಡಬೇಡಿ, ಮಧ್ಯ ಏನೂ ಕೇಳಬೇಡಿ.”

ಅವನಿಗೆ ಆಗುವುದಿಲ್ಲವೆಂದಿದ್ದರೆ ಇಳಿದುಹೋಗಬಹುದಿತ್ತು. ಅವಳು ಅದಕ್ಕೂ ತಯಾರಾಗಿದ್ದಳು. ಅವನು ಬಾಗಿಲಿನ ಹಿಡಿ ಬಿಟ್ಟ. ತುಟಿ ಕೂಡಿತು. ಕಣ್ಣು ಮೆಲ್ಲಗೆ ಮುಚ್ಚಿತು.

ಅವಳು ನೋಡುತ್ತಿದ್ದಳು. ಈ ಸಲ ದೊಡ್ಡಮ್ಮನ ಕಣ್ಣಿನಿಂದಲ್ಲ. ಕೆಳತುಟಿಯ ನಡುಕ, ಏರಿ ಇಳಿಯದೆ ನಿಂತ ಗಂಟಲಮಣಿ, ಹಣೆಯ ಮೇಲೆ ಮೂಡಿದ ಬೆವರು. ಅವನ ಹೆಸರು ಅವಳ ಬಾಯಿತುಂಬ ಇತ್ತು, ಸಕ್ಕರೆಯ ಹಾಗೆ. ಕೊಡಲಿಲ್ಲ. ಫೋನಿನ ಆ ಕಡೆ ಫ್ಯಾನ್ ತಿರುಗುವ ಸದ್ದು. ದೊಡ್ಡಮ್ಮ ಉಸಿರಾಡುವ ಸದ್ದು. ಬೆಂಚಿನ ಮೇಲಿನ ಮುದುಕರು ಕಾರಿನ ಕಡೆಗೇ ತಿರುಗಿ ಕೂತಿದ್ದರು.

ಮೊದಲ ಅಕ್ಷರ ಮುರಿದು ಮುರಿದು ಬಂತು. ಮತ್ತೆ ಬಂತು. ಆಮೇಲೆ ಅವನು ತನ್ನ ಹೆಸರನ್ನು ಪೂರ್ತಿಯಾಗಿ, ತಾನೇ ಹೇಳಿ ಮುಗಿಸಿದ.

ದೊಡ್ಡಮ್ಮ ಆ ಹೆಸರನ್ನು ಒಮ್ಮೆ, ಹಾಜರಿ ಕರೆಯುವವರಂತೆ ಸ್ಪಷ್ಟವಾಗಿ, ತಾವೂ ಹೇಳಿದರು. ಆಮೇಲೆ, “ಒಳ್ಳೇ ಹೆಸರಪ್ಪ,” ಎಂದರು. “ಪುಟ್ಟಿ, ಒಳಗೆ ಕರೆದು ಕೂರಿಸಬೇಕಾದವರನ್ನ ಗೇಟಿನಿಂದಾನೇ ಕಳಿಸಿದೆಯಲ್ಲ. ನನಗೆ ಕಾಯೋಕೆ ಬರಲ್ಲ ಅಂತ ತಿಳ್ಕೊಂಡೆಯಾ?”

ಉತ್ತರಕ್ಕೆ ಕಾಯದೆ ಫೋನ್ ಇಟ್ಟರು.

ಅವಳು ತಲೆ ತಗ್ಗಿಸಿ ಕೂತಳು. ನಾಚಿಕೆ ಹೋಗಿರಲಿಲ್ಲ. ಬೇಗ ಹೋಗುವಂಥದ್ದೂ ಅಲ್ಲ, ಹೋಗಬಾರದೂ ಕೂಡ, ಎಂದುಕೊಂಡಳು. ಆದರೆ ಅದರ ಜೊತೆಗೆ ಕೂತಿರಲು ಈಗ ಆಗುತ್ತಿತ್ತು.

ಪಕ್ಕದಲ್ಲಿ ಅವನು ಕರವಸ್ತ್ರದಿಂದ ಹಣೆ ಒರೆಸಿಕೊಂಡ. ಕಾರ್ಡುಗಳನ್ನು ಮಡಿಲಿಗಿಟ್ಟುಕೊಂಡ. ಕನ್ನಡಿಗೆ ಕೈ ಹಾಕಿ, ಅದನ್ನು ಅವಳ ಕಡೆ ಒಂಚೂರು ಓರೆ ಮಾಡಿದ.

“ಏನು ರಿಪೋರ್ಟು ಡಾ-ಡಾಕ್ಟ್ರೇ?”

ಅವಳು ಕನ್ನಡಿಯಲ್ಲಿ ನೋಡಿದಳು. ಸ್ಯಾಂಪಲ್ ಸಾಲದು ಎನ್ನಲು ಹೋದಳು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಅವನು ಅವಳ ಮಾತು ಮುಗಿಸಲಿಲ್ಲ. ಕಾದ.

“ರೈಟ್,” ಎಂದರು ಬೆಂಚಿನ ಮುದುಕರು, ಯಾರೂ ಕೇಳದಿದ್ದರೂ.

ಅವನು ನಗುತ್ತ, ಕೈ ಚಾಚಿ, ಕೀ ಇಲ್ಲದ ಆ ಕಾರಿನ ಗೇರಿನ ನೆತ್ತಿಯನ್ನು ಮೆಲ್ಲಗೆ ಇನ್ನೊಮ್ಮೆ ತಟ್ಟಿದ.